ಟಗರು ನುಂಗಿದ ಮಾತ್ರೆ

ನನಗೆ ಸಿಟ್ಟು ಬೇಗ ಬರುತ್ತದೆ, ಗಂಟಲೂ ದೊಡ್ಡದು. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನ ಗೋಡೆಗೆ ಅಂಟಿಕೊಂಡಿದ್ದ ಮನೆಯಲ್ಲಿ ಬೆಳೆದವಳು ನಾನು. ಮಿಲ್ಲು ಓಡುವಾಗ ಪಕ್ಕದಲ್ಲಿ ಕೂತವರಿಗೂ ಕೂಗಿಯೇ ಮಾತು ಮುಟ್ಟಿಸಬೇಕಿತ್ತು. ನರ್ಸ್ ಕೆಲಸ ಸಿಕ್ಕಿ ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರದ ಕಡೆಗೆ ಹೊರಟಾಗ ಅವ್ವ ಬಸ್‌ಸ್ಟ್ಯಾಂಡಿನವರೆಗೂ ಬಂದು, “ಜನರ ಮೇಲೆ ಕೂಗಾಡಬ್ಯಾಡ ಕಣೆ, ಓಡಿಹೋಗ್ತಾರೆ” ಅಂತ ಹೇಳಿ ಕಳಿಸಿದ್ದಳು. ಅವಳಂದಿದ್ದು ಸುಳ್ಳಾಗಲಿಲ್ಲ. ನನ್ನ ಮೊದಲ ಪಾಠಕ್ಕೆ ಬಂದವರು ನಿಜವಾಗಿಯೂ ಎದ್ದು ಓಡಿಹೋದರು. ಆದರೆ ಓಡಿಸಿದ್ದು ನನ್ನ ಕೂಗಲ್ಲ, ಒಂದು ಹೆಸರು.

ಅದು ಎರಡು ಸಾವಿರನೇ ಇಸವಿಯ ಈಚಿನ ಮಾತು. ಕ್ಷಯಕ್ಕೆ ಹೊಸ ಪದ್ಧತಿ ಬಂದಿತ್ತು. ರೋಗಿಗೆ ಡಬ್ಬಿ ಕೊಟ್ಟು ‘ಹೋಗಿ ಬಾ’ ಅನ್ನುವಂತಿಲ್ಲ, ನಮ್ಮ ಕಣ್ಣೆದುರೇ ಮಾತ್ರೆ ನುಂಗಿಸಬೇಕು. ಜೊತೆಗೆ ಊರೂರಿನಲ್ಲಿ ಆರೋಗ್ಯದ ಪಾಠ ಮಾಡಬೇಕು, ರೋಗಿಗಳ ಮನೆಯವರನ್ನು ಕೂಡಿಸಿ ಗುಂಪು ಕಟ್ಟಬೇಕು, ಒಬ್ಬರಿಗೊಬ್ಬರು ಧೈರ್ಯವಾಗಬೇಕು. ತರಬೇತಿಯಲ್ಲಿ ಫ್ಯಾನಿನ ಕೆಳಗೆ ಕೂತು ಕೇಳುವಾಗ ಇದೆಲ್ಲ ಬಹಳ ಸಲೀಸು ಅನ್ನಿಸಿತ್ತು.

ನನ್ನ ಪಾಲಿಗೆ ಬಂದ ಊರುಗಳಲ್ಲಿ ಕುರಿಗಾರರ ಒಂದು ಹಟ್ಟಿಯೂ ಇತ್ತು. ದೇವಸಮುದ್ರದಲ್ಲಿ ಬಸ್ಸಿಳಿದು ಕಲ್ಲುದಾರಿಯಲ್ಲಿ ನಡೆದು ಹೋಗಬೇಕು. ಮೊದಲ ದಿನ ನನ್ನನ್ನು ಬೇವಿನ ಮರದಡಿ ಕರಿ ಕಂಬಳಿ ಹಾಸಿ ಕೂರಿಸಿದರು. ಆ ಹಟ್ಟಿಯಲ್ಲಿ ಬಂದವರಿಗೆ ಕಂಬಳಿ ಹಾಸುವುದೆಂದರೆ ಮರ್ಯಾದೆಯ ಮೊದಲ ಮಾತು. ಹೆಂಗಸರು ಗಂಡಸರು ಎಲ್ಲ ಬಂದು ಕೂತರು. ನಾನು ಚಿತ್ರದ ಹಾಳೆ ಬಿಚ್ಚಿ, “ಇವತ್ತು ಟೀಬಿ ಕಾಯಿಲೆ ಬಗ್ಗೆ ಹೇಳ್ತೀನಿ” ಅಂದೆ. ಅಷ್ಟೇ! ಒಬ್ಬಳಿಗೆ ಒಲೆಯ ಮೇಲಿಟ್ಟ ಸಾರು ನೆನಪಾಯಿತು, ಇನ್ನೊಬ್ಬನಿಗೆ ಕುರಿಮರಿ ಅರಚಿದ್ದು ಕೇಳಿಸಿತು. ಕಣ್ಣು ಮಿಟುಕಿಸುವುದರೊಳಗೆ ಮರದಡಿ ನಾನೂ ನನ್ನ ಚಿತ್ರದ ಶ್ವಾಸಕೋಶವೂ ಇಬ್ಬರೇ ಉಳಿದೆವು. ಮುಂದಿನ ವಾರ ಹೋದಾಗ ಕಂಬಳಿ ಹಾಸುವವರೂ ಇರಲಿಲ್ಲ. ಬರೀ ನೆಲದ ಮೇಲೆ ಕೂತೆ. ಮೈ ಉರಿದುಹೋಯಿತು. ಆದರೂ ಹಟ ಹಿಡಿದು ಪ್ರತಿ ಬುಧವಾರ ಹೋದೆ.

ಆಮೇಲೆ ದಾರಿ ಬದಲಿಸಿದೆ. ಮಕ್ಕಳ ಭೇದಿಗೆ ಉಪ್ಪು ಸಕ್ಕರೆ ನೀರು ಕಲಸುವುದನ್ನು ಹೇಳಿಕೊಡುತ್ತೇನೆ ಅಂದೆ. ಅದಕ್ಕೆ ಹೆಂಗಸರು ಬಂದರು. ಅವರಲ್ಲಿ ಆಂಧ್ರದ ಕಡೆಯಿಂದ ಮದುವೆಯಾಗಿ ಬಂದು, ಈಗ ಮೊಮ್ಮಕ್ಕಳನ್ನು ಕಂಡಿದ್ದ ತೆಲುಗಿನ ಅಜ್ಜಿಯೊಬ್ಬಳಿದ್ದಳು. ಗುಂಪಿಗೆ ಅವಳೇ ಯಜಮಾನಿ. ನಾನು ಎರಡು ಮಾತು ಹೇಳಿದರೆ ಅವಳು ನಾಲ್ಕು ಸೇರಿಸುತ್ತಿದ್ದಳು, ಅರ್ಧ ತೆಲುಗು, ಅರ್ಧ ಕನ್ನಡ, ಮಧ್ಯೆ ಮಧ್ಯೆ ಬೈಗುಳ. ಭೇದಿಯ ಪಾಠ ಮುಗಿಯುವ ಹೊತ್ತಿಗೆ ನಾನು ಮೆಲ್ಲಗೆ ಕೆಮ್ಮಿನ ಮಾತು ತೆಗೆಯುತ್ತಿದ್ದೆ. ಮಾತ್ರೆ ನುಂಗಿದವರ ಉಚ್ಚೆ ಕೆಂಪಗಾಗುತ್ತದೆ, ಹೆದರಬಾರದು, ಮಾತ್ರೆ ಒಳಗೆ ಹೋಗಿದೆ ಅನ್ನುವುದಕ್ಕೆ ಅದೇ ಗುರುತು ಅಂದಾಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಪಾಠದಲ್ಲಿ ಎಲ್ಲರಿಗೂ ನೆನಪುಳಿದದ್ದು ಅದೊಂದೇ.

ಅವರಲ್ಲಿ ಒಬ್ಬಳು ಮಾತ್ರ ನಗಲಿಲ್ಲ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಕಂಕುಳಲ್ಲೊಂದು ಹೆಣ್ಣುಕೂಸು. ನಾನು ಬಸ್ಸಿಗೆ ಹೊರಟಾಗ ಹಿಂದಿನಿಂದ ಓಡಿ ಬಂದು ದಾರಿಯಲ್ಲಿ ತಡೆದಳು.

“ನರ್ಸಮ್ಮ, ನಮ್ಮನೆಯೋರು ಬಾಳ ದಿನದಿಂದ ಕೆಮ್ತಾ ಅವ್ರೆ. ಸಂಜೆ ಆದ್ರೆ ಜ್ವರ. ಅತ್ತೆ ಉಷ್ಣದ ಕೆಮ್ಮು ಅಂತಾರೆ. ನಮ್ಮ ಬಾವನೂ ಇಂಗೇ ಕೆಮ್ಮಿ ಕೆಮ್ಮಿ ಹೋದ್ರು. ನನ್ನ ಮಗಳಿಗೆ ಅಪ್ಪ ಬೇಕು ನರ್ಸಮ್ಮ, ಏನಾರ ಮಾಡ್ರಿ.”

ಮಾರನೆಯ ದಿನವೇ ಅವಳ ಗಂಡನನ್ನು ಮೊಳಕಾಲ್ಮೂರಿಗೆ ಕರೆದೊಯ್ದು ಕಫ ಪರೀಕ್ಷೆ ಮಾಡಿಸಿದೆ. ಟೀಬಿಯೇ. ಆಳು ಎತ್ತರದವನು, ಆದರೆ ಅಂಗಿ ಮೊಳೆಗೆ ನೇತುಹಾಕಿದಂತೆ ಕಾಣುತ್ತಿತ್ತು. ಅವನ ತಾಯಿಗೆ ಸುದ್ದಿ ಹೇಳಲು ಹೋದರೆ ಆಕೆ ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿದಳು. ಹಿರಿಮಗನನ್ನು ಮಣ್ಣು ಮಾಡಿದ ತಾಯಿ, ಮುಖ ಕಲ್ಲಿನಂತಿತ್ತು.

“ಮಾತ್ರೆ ಕೊಡ್ತೀಯಾ, ಕೊಡು. ಆದ್ರೆ ಆ ಹೆಸರು ನಮ್ಮನೆ ಹತ್ರ ಎತ್ತಬ್ಯಾಡ. ನಾಳೆ ನಮ್ಮ ಹುಡುಗೀರಿಗೆ ಗಂಡು ಬರಲ್ಲ, ನಮ್ಮ ಕುರೀನ ಯಾರೂ ಹೊಲಕ್ಕೆ ಕರೆಯಲ್ಲ.”

“ಹೆಸರು ಎತ್ತದೆ ಹಿರೇಮಗ ಉಳಿದ್ನಾ?” ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಅವ್ವನ ಮಾತು ನೆನೆದು ನುಂಗಿಕೊಂಡೆ.

ಎರಡು ತಿಂಗಳು ನಾನು ವಾರಕ್ಕೆ ಮೂರು ದಿನ ಹಟ್ಟಿಗೆ ಹೋದೆ, ಅವನು ಬೇವಿನ ಮರದಡಿಗೆ ಬಂದು ನನ್ನೆದುರೇ ಮಾತ್ರೆ ನುಂಗಿದ. ಮೊದಮೊದಲು ವಾಂತಿ, ತಲೆಸುತ್ತು, ನನಗೆ ಶಾಪ. ಆಮೇಲೆ ಜ್ವರ ಬಿಟ್ಟಿತು, ಮುದ್ದೆ ಸೇರತೊಡಗಿತು, ಕೆನ್ನೆ ತುಂಬಿತು. ಇನ್ನು ಮುಂದಿನ ತಿಂಗಳುಗಳಿಗೆ ಪದ್ಧತಿ ಸ್ವಲ್ಪ ಸಡಿಲ. ವಾರದ ಮೊದಲ ಮಾತ್ರೆ ನನ್ನೆದುರು, ಉಳಿದವನ್ನು ಒಂದು ದಿನ ಬಿಟ್ಟು ಒಂದು ದಿನ ಮನೆಯಲ್ಲೇ ನುಂಗಿ ಮಾತ್ರೆ ಕಿತ್ತ ಖಾಲಿ ಪಟ್ಟಿ ತಂದು ತೋರಿಸಬೇಕು. ಅವನು ಪ್ರತಿ ಬುಧವಾರ ಖಾಲಿ ಪಟ್ಟಿಯನ್ನು ತಂದು ನನ್ನ ಕೈಗಿಡುತ್ತಿದ್ದ. ನಾನು ಹಿಗ್ಗಿ ಹೀರೇಕಾಯಿಯಾದೆ. ಬೇರೆ ರೋಗಿಗಳಿಗೆಲ್ಲ ಅವನದೇ ಉದಾಹರಣೆ ಕೊಟ್ಟೆ.

ಒಂದು ಬುಧವಾರ ನಾನಿನ್ನೂ ಹಟ್ಟಿ ಸೇರಿಲ್ಲ, ಅವನ ಹೆಂಡತಿ ಎದುರಿಗೇ ಓಡಿ ಬಂದಳು.

“ನರ್ಸಮ್ಮ, ನಮ್ಮ ಟಗರು ರಕ್ತ ಉಚ್ಚೆ ಹೊಯ್ತಾ ಐತೆ! ಅತ್ತೆ ದೇವರಿಗೆ ಹರಕೆ ಕಟ್ಟಿದಾರೆ.”

ಟಗರು ಅಂದರೆ ಸುಮ್ಮನೆ ಟಗರಲ್ಲ. ಇಡೀ ಮಂದೆ ಅದರ ಹಿಂದೆ ನಡೆಯುತ್ತಿತ್ತು. ಕೊರಳಿಗೆ ಗಂಟೆ, ಕೊಂಬಿಗೆ ಅರಿಸಿನ, ಮನೆಯವರಿಗಿಂತ ಹೆಚ್ಚು ಅದರ ಠೀವಿ. ಹೋಗಿ ನೋಡಿದೆ. ಕುರಿ ಕೂಡುವ ರೊಪ್ಪದ ಬಿಳಿ ಕಲ್ಲುಮಣ್ಣಿನ ಮೇಲೆ ಕಿತ್ತಳೆಗೆಂಪು. ನನಗೆ ಆ ಬಣ್ಣ ಗೊತ್ತಿತ್ತು. ಎಷ್ಟು ರೋಗಿಗಳ ಮನೆಯ ಹಿಂದೆ ಕಂಡಿದ್ದೇನೆ ಅದನ್ನು! ತಿರುಗಿ ನೋಡಿದರೆ ನಮ್ಮ ಉದಾಹರಣೆಯ ರೋಗಿ ರೊಪ್ಪದ ಬೇಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಾನೆ.

“ಲೇ, ನನ್ನ ಮುಖ ನೋಡು. ಮಾತ್ರೆ ಯಾರು ನುಂಗ್ತಾ ಇರೋದು?”

ಅವನು ತಲೆ ಕೆರೆದ. “ನಂಗೆ ಕೆಮ್ಮು ಹೋಯ್ತಲ್ಲ ನರ್ಸಮ್ಮ. ಟಗರು ಕೆಮ್ತಾ ಇತ್ತು. ಮಂದೆ ಹೊರಡೋ ಹೊತ್ತು ಬಂತು. ಅದು ಮಲಗಿದ್ರೆ ಕುರಿ ನಡೆಯಲ್ಲ. ನಂಗೆ ವಾಸಿ ಮಾಡಿದ್ದು ಅದಕ್ಕೂ ಮಾಡ್ತದೆ ಅಂತ ರೊಟ್ಟಿಯಾಗೆ ಸುತ್ತಿ ಕೊಟ್ಟೆ.”

ನನಗೆ ಎಲ್ಲಿಂದ ಕೂಗು ಬಂತೋ ಗೊತ್ತಿಲ್ಲ. ಬಾಯಿಗೆ ಬಂದಂತೆ ಬೈದೆ. “ಸರ್ಕಾರ ಮಾತ್ರೆ ಕೊಡೋದು ನಿನಗೋ ನಿನ್ನ ಟಗರಿಗೋ? ಅದರ ಕಫ ಪರೀಕ್ಷೆ ಮಾಡಿಸಿದ್ಯಾ? ನಿನ್ನ ಕೂಸನ್ನ ಸಾಕೋಕೆ ಟಗರು ಬರ್ತದಾ?” ಹಟ್ಟಿಗೆ ಹಟ್ಟಿಯೇ ಬೇಲಿಯ ಸುತ್ತ ಕೂಡಿತು. ತೆಲುಗಿನ ಅಜ್ಜಿ ಟಗರಿನ ಉಚ್ಚೆ ನೋಡಿ, ಅವನ ಮುಖ ನೋಡಿ, “ಓರಿ ನೀ ಇಲ್ಲು ಬಂಗಾರಂ ಗಾನು!” ಅಂತ, ನಿನ್ನ ಮನೆ ಬಂಗಾರವಾಗ ಅಂತ ಬೈದು, ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಎಲ್ಲರೂ ನಕ್ಕರು. ಅವನ ಹೆಂಡತಿ ಮಾತ್ರ ಅಲ್ಲೇ ಕುಸಿದು ಕೂತು ಅತ್ತಳು. ಅವಳನ್ನು ನೋಡಿ ನನ್ನ ಸಿಟ್ಟು ಇಳಿದು, ಅದರ ಜಾಗಕ್ಕೆ ಭಯ ಬಂತು.

ಮೊಳಕಾಲ್ಮೂರಿನ ಡಾಕ್ಟರು ಮತ್ತೆ ಕಫ ನೋಡಿದರು. ರೋಗ ತಲೆ ಎತ್ತಿರಲಿಲ್ಲ. ತಪ್ಪಿಸಿದ ವಾರಗಳನ್ನು ಸೇರಿಸಿ ಪೂರ್ತಿ ಮುಗಿಸಬೇಕು, ಇನ್ನೊಂದು ಸಲ ಕೈಬಿಟ್ಟರೆ ರೋಗ ಮೊಂಡಾಗುತ್ತದೆ, ಆಮೇಲೆ ಈ ಮಾತ್ರೆಗೂ ಬಗ್ಗುವುದಿಲ್ಲ ಅಂದರು. ನಾನದನ್ನು ಬುಧವಾರದ ಗುಂಪಿನಲ್ಲಿ ಹೇಳಿದೆ. ಆದರೆ ಮುಂದಿನ ವಾರವೇ ಮಂದೆ ಹೊರಡುವುದಿತ್ತು. ದೀಪಾವಳಿ ಕಳೆದ ಮೇಲೆ ನಮ್ಮ ಕಡೆ ಮೇವು ಕಡಿಮೆ. ಕುರಿಗಳನ್ನು ಹೊಡೆದುಕೊಂಡು ಗಡಿಯಾಚೆ ಆಂಧ್ರದ ಕಾಲುವೆ ನೀರಿನ ಗದ್ದೆಗಳಿಗೆ ಹೋಗುತ್ತಾರೆ, ಯುಗಾದಿಯ ಹೊತ್ತಿಗೆ ತಿರುಗುತ್ತಾರೆ. ಅವನೊಬ್ಬನೇ ದುಡಿಯುವ ಗಂಡಸು. ಬೇಡ ಅನ್ನುವ ಬಾಯಿ ನನಗೂ ಇರಲಿಲ್ಲ.

“ಡಬ್ಬಿ ಅವನ ಕೈಗೆ ಕೊಟ್ರೆ ಟಗರಿನ ಹೊಟ್ಟೆಗೇ” ಅಂದಳು ಒಬ್ಬಳು.

“ನಾನು ಹೋಗ್ತೀನಿ ಜೊತೆಗೆ” ಅಂದಳು ಹೆಂಡತಿ. ಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು ಊರೂರು ಹೇಗೆ ಅಲೆಯುತ್ತಾಳೆ?

ಆಗ ಅಜ್ಜಿ ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡಳು. “ಕುರಿ ಯಾರ ಹೊಲದಾಗೆ ಮಲಗ್ತದೋ ಅವರ ಮನೆಯೋರು ಸಂಜೆ ಬುವ್ವ ತರಲ್ವೇನ್ರೇ? ತರೋಳು ಒಬ್ಬ ಹೆಂಗಸು ಇರ್ತಾಳೆ. ಅವಳು ಚೂಡಾಲಿ, ಇವನು ಮಿಂಗಾಲಿ. ಅವಳು ನೋಡದೆ, ಇವನು ನುಂಗದೆ ಬುವ್ವ ಇಲ್ಲ. ಅಷ್ಟೇ!”

ಕುರಿಗಾರರ ಹಳೆಯ ಪದ್ಧತಿ ಅದು. ಕುರಿ ಮಂದೆ ಹೊಲದಲ್ಲಿ ತಂಗಿದರೆ ನೆಲಕ್ಕೆ ಒಳ್ಳೆಯ ಗೊಬ್ಬರ. ಅದಕ್ಕೆ ಹೊಲದವರು ಕುರಿಗಾರರಿಗೆ ಊಟ ಕೊಡುತ್ತಾರೆ. ಅಂದರೆ ದಿನವೂ ಸಂಜೆ ಅವನೆದುರು ಒಂದು ಮನೆಯ ಹೆಂಗಸು ಬುತ್ತಿ ಹಿಡಿದು ನಿಂತೇ ನಿಲ್ಲುತ್ತಾಳೆ! ಸರ್ಕಾರ ಎಷ್ಟು ಸಂಬಳ ಕೊಟ್ಟರೂ ಅಂಥ ಕಾವಲು ಸಿಗುವುದಿಲ್ಲ. ಆದರೆ ಒಂದು ತೊಡಕಿತ್ತು. ಊಟ ತಂದವಳಿಗೆ ಆ ಮಾತ್ರೆ ಯಾವುದಕ್ಕೆ ಅಂತ ಹೇಳಬೇಕಲ್ಲ? ಹೇಳಿದರೆ ‘ಎತ್ತಿಕೊಂಡು ನಡೀರಿ ನಿಮ್ಮ ಕುರೀನ’ ಅಂದುಬಿಟ್ಟರೆ? ಯಾರು ಹೇಳುವುದು?

“ನಾನು ಹೇಳ್ತೀನಿ.”

ಗುಂಪಿನ ಹಿಂದೆ, ಬೇವಿನ ಮರದಿಂದ ಆಚೆ, ಅವನ ತಾಯಿ ನಿಂತಿದ್ದಳು. ಪಾಠದ ಹತ್ತಿರಕ್ಕೆ ಆಕೆ ಒಂದು ದಿನವೂ ಬಂದವಳಲ್ಲ. ಯಾವಾಗ ಬಂದು ನಿಂತಳೋ, ಎಷ್ಟು ಕೇಳಿಸಿಕೊಂಡಳೋ. “ಮರಿ ನೋಡ್ಕೊಳ್ಳಾಕೆ ಮಂದೆ ಜೊತೆ ಒಂದು ಮುದುಕಿ ಹೋಗ್ತಾಳಲ್ಲ, ಈ ಸಲ ನಾನೇ ಹೋಗ್ತೀನಿ. ಡಬ್ಬಿ ನನ್ನ ಕೈಗೆ ಕೊಡು” ಅಂದಳು. ನಾನು ಬಾಯಿ ತೆರೆಯುವ ಮೊದಲೇ ಮುಖ ತಿರುಗಿಸಿಕೊಂಡು ಹೊರಟೂ ಹೋದಳು.

ಡಾಕ್ಟರು ಗೊಣಗಿದರು, ಒಪ್ಪಿದರು. ಮಂದೆ ಹೊರಟ ದಿನ ಆಕೆ ಮಾತ್ರೆಯ ಡಬ್ಬಿಯನ್ನು ಎಳೆಮರಿಗಳನ್ನು ಹೊರುವ ಬುಟ್ಟಿಯ ತಳದಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡು, ಮೇಲೊಂದು ಮರಿ ಕೂರಿಸಿಕೊಂಡು ನಡೆದಳು. ಮುಂದೆ ಟಗರು, ಗಂಟೆ ಆಡಿಸುತ್ತ. ಅದರ ಕೆಮ್ಮು ತನ್ನಷ್ಟಕ್ಕೆ ಹೋಗಿತ್ತು, ಮಾತ್ರೆಯಿಂದಲೇ ಹೋಯಿತು ಅಂತ ಮಗನ ವಾದ. ನಾನು ಅವನತ್ತ ಕಣ್ಣು ಬಿಟ್ಟೆ, ಟಗರಿನ ಹಿಂದೆ ಓಡಿದ.

ಅವರು ಹೋದ ಮೇಲೆ ನನಗೆ ನೆಮ್ಮದಿಯಿಲ್ಲ. ಆ ಮುದುಕಿ ನಿಜವಾಗಿ ಹೇಳುತ್ತಾಳಾ? ‘ಶಕ್ತಿ ಮಾತ್ರೆ’ ಅಂತ ಸುಳ್ಳು ಹೇಳಿ ಮುಗಿಸುತ್ತಾಳಾ? ಯಾರಾದರೂ ಮಂದೆಯನ್ನು ಎಬ್ಬಿಸಿ ಕಳಿಸಿದರೆ ಸಿಟ್ಟಿಗೆ ಡಬ್ಬಿಯನ್ನೇ ಕಾಲುವೆಗೆ ಎಸೆದುಬಿಟ್ಟರೆ? ಕೊನೆಗೆ ಒಂದು ದಿನ ರಜೆ ಹಾಕಿ, ಅಜ್ಜಿಯ ತವರಿನವರಿಂದ ಮಂದೆ ಎಲ್ಲಿದೆ ಅಂತ ವಿಚಾರಿಸಿಕೊಂಡು ಗಡಿಯಾಚೆಯ ಬಸ್ಸು ಹತ್ತಿದೆ.

ಸಂಜೆ ಹೊತ್ತಿಗೆ ಸಿಕ್ಕರು. ಕೊಯ್ಲಾದ ಗದ್ದೆಯ ತುಂಬ ಕುರಿ. ನನ್ನನ್ನು ಕಂಡು ಅವನ ತಾಯಿ ಹೋಗಿ ಒಂದು ಕರಿ ಕಂಬಳಿ ತಂದು ಬದುವಿನ ಮೇಲೆ ಹಾಸಿದಳು. “ಕುಂತ್ಕೊ” ಅಂದಳು. ನಾನು ಕೂತೆ. ಕಂಬಳಿಯ ಮೇಲೆ ಅಂಗೈ ಆಡಿಸಿದೆ.

ಅಷ್ಟರಲ್ಲಿ ಹೊಲದ ಮನೆಯ ಹೆಂಗಸು ತಲೆಯ ಮೇಲೆ ಬುತ್ತಿ ಹೊತ್ತು ಬಂದಳು. ಆ ಹೊಲದಲ್ಲಿ ಮಂದೆಗೆ ಅದು ಮೊದಲ ದಿನವಂತೆ. ಅವಳು ಬುತ್ತಿ ಇಳಿಸುವ ಮೊದಲೇ ನಮ್ಮ ಮುದುಕಿ ಎದ್ದು ನಿಂತಳು. ತನಗೆ ಬರುವ ತೆಲುಗಿನಲ್ಲಿ, ಬಾರದ ಕಡೆ ಕನ್ನಡದಲ್ಲಿ ಹೇಳಿದಳು.

“ಅಮ್ಮಾ, ನಾ ಕೊಡುಕ್ಕಿ, ನನ್ನ ಮಗನಿಗೆ, ಟೀಬಿ. ಮಂದು ತಿಂಟುನ್ನಾಡು, ಮಾತ್ರೆ ನುಂಗ್ತಾ ಅವ್ನೆ. ನುವ್ವು ನಿಂತು ಚೂಡು, ಆಮೇಲೆ ಬುವ್ವ ಹಾಕು.”

ಗಡಿಯ ಕಡೆಯವಳು, ಆ ಹೆಂಗಸಿಗೂ ಕನ್ನಡ ಬರುತ್ತಿತ್ತು. ಎರಡು ಹೆಜ್ಜೆ ಹಿಂದೆ ಸರಿದಳು. “ಅಯ್ಯೋ, ಅಂಟ್ಕೊಳ್ಳಲ್ವಾ?”

“ಮಾತ್ರೆ ನುಂಗದೋನಿಂದ ಅಂಟ್ತದೆ. ಸರಿಯಾಗಿ ನುಂಗೋನಿಂದ ಭಯ ಇಲ್ಲ. ಅದಕ್ಕೇ ನಿನ್ನ ನಿಲ್ಸಿರೋದು, ಇವನು ನುಂಗೋದು ನೋಡಾಕೆ. ಬ್ಯಾಡ ಅಂದ್ರೆ ಹೇಳು, ಬೆಳಿಗ್ಗೆ ಕುರಿ ಎಬ್ಬಿಸ್ಕೊಂಡು ಹೋಗ್ತೀವಿ. ಸುಳ್ಳು ಹೇಳಿ ನಿನ್ನ ಅನ್ನ ತಿನ್ನಲ್ಲ.”

ಆ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಬುತ್ತಿ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, “ಸರೆ, ಮಿಂಗು” ಅಂದಳು. ಅವನು ನುಂಗಿದ. “ನಾಲಿಗೆ ಎತ್ತು” ಅಂದಳು ತಾಯಿ. ಎತ್ತಿದ. ಆ ಮೇಲೆಯೇ ಊಟ. ಎರಡು ಕಡೆ ಮಂದೆಯನ್ನು ಎಬ್ಬಿಸಿ ಕಳಿಸಿದ್ದರಂತೆ, ಆಮೇಲೆ ಮಗ ಹೇಳಿದ. ಆ ಎರಡೂ ದಿನ ಅವರು ಉಪವಾಸ ಮಲಗಿದ್ದರು, ಆದರೆ ಮಾತ್ರೆ ತಪ್ಪಿರಲಿಲ್ಲ. ತಾಯಿ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಹೆಂಗಸನ್ನು ತಡೆದು ನಿಲ್ಲಿಸಿ ಅವಳೆದುರೇ ನುಂಗಿಸಿದ್ದಳು. ನನಗೆ ಆ ಬದುವಿನ ಮೇಲೆ ಕುಣಿಯಬೇಕು ಅನ್ನಿಸಿತು.

ಯುಗಾದಿಯ ಹೊತ್ತಿಗೆ ಮಂದೆ ತಿರುಗಿತು. ಬುಟ್ಟಿಯ ತಳದಿಂದ ಖಾಲಿ ಪಟ್ಟಿಗಳನ್ನೆಲ್ಲ ತೆಗೆದು ಆಕೆ ಬೇವಿನ ಮರದಡಿ ಸುರಿದಳು. ಉಳಿದ ಕೆಲವು ಮಾತ್ರೆಗಳನ್ನು ಅವನು ಹಟ್ಟಿಯಲ್ಲೇ, ಇಡೀ ಗುಂಪಿನ ಎದುರಿಗೆ ನುಂಗಿ ಮುಗಿಸಿದ. ಕೊನೆಯ ದಿನ ಅಜ್ಜಿ ಟಗರನ್ನೂ ಎಳೆದುಕೊಂಡು ಬಂದು ಪಕ್ಕಕ್ಕೆ ನಿಲ್ಲಿಸಿದ್ದಳು, ಸಾಕ್ಷಿಗೆ ಅಂತ.

ಕೊನೆಯ ಪರೀಕ್ಷೆಗೆ ಚಳ್ಳಕೆರೆಗೆ ಹೋದೆವು. ಡಾಕ್ಟರು ಎದೆಯ ಫೋಟೋನೂ ತೆಗೆಸಿ ಅಂದಿದ್ದರು. ಅವನು, ಅವನ ತಾಯಿ, ನಾನು. ಕಫದಲ್ಲಿ ರೋಗವಿಲ್ಲ, ಎದೆ ಶುದ್ಧವಾಗಿದೆ ಅಂದರು. ತಾಯಿ ಅದನ್ನು ಎರಡೆರಡು ಸಲ ಹೇಳಿಸಿಕೊಂಡಳು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಹಿರಿಮಗನ ಹೆಸರು ಹಿಡಿದು ಅತ್ತಳು.

ವಾಪಸ್ಸು ಹೊರಟ ಪ್ರೈವೇಟ್ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೀಟುಗಳ ನಡುವೆಯೇ ಶೇಂಗಾ ಚೀಲ. ಚಳ್ಳಕೆರೆ ದಾಟುತ್ತಿದ್ದಂತೆ ಧೂಳೆದ್ದು ಅವನಿಗೆ ಕೆಮ್ಮು ಬಂತು. ಮುಂದಿನ ಸೀಟಿನ ಪಂಚೆಯವನು ತಿರುಗಿ, “ಆ ಕಡೆ ತಿರುಗಿ ಕೆಮ್ಮಪ್ಪಾ, ಯಾವ ರೋಗಾನೋ ಏನೋ” ಅಂದ. ಪಕ್ಕದವರೆಲ್ಲ ಸರಿದು ಕೂತರು. ಮಗ ತಲೆ ತಗ್ಗಿಸಿದ. ನನ್ನ ಬಾಯಿ ಆಗಲೇ ತೆರೆದಿತ್ತು. ಆದರೆ ನನಗಿಂತ ಮೊದಲು ಅವನ ತಾಯಿ ಎದ್ದು ನಿಂತಳು. ಮೇಲಿನ ಕಂಬಿ ಹಿಡಿದುಕೊಂಡು ಇಡೀ ಬಸ್ಸಿಗೆ ಕೇಳುವಂತೆ ಶುರು ಮಾಡಿದಳು.

“ಹೌದ್ರಿ, ರೋಗ ಇತ್ತು. ಟೀಬಿ. ಹೋಯ್ತು. ಇದು ನಿಮ್ಮ ಶೇಂಗಾ ಧೂಳಿನ ಕೆಮ್ಮು. ನನ್ನ ದೊಡ್ಡ ಮಗನಿಗೂ ಇದೇ ಬಂದಿತ್ತು. ಹೆಸರು ಹೇಳಾಕೆ ನಾಚ್ಕೊಂಡು ಉಷ್ಣ ಅಂದೆ, ಮಣ್ಣಿಗೆ ಕೊಟ್ಟೆ. ಇವನ ರೋಗದ ಹೆಸರು ಕಂಡೋರ ಹೊಲದಾಗೆಲ್ಲ ಹೇಳ್ಕೊಂಡು ತಿರುಗಿದೆ, ಇವನು ಇಲ್ಲಿ ಕುಂತವ್ನೆ ನೋಡ್ರಿ, ಎಷ್ಟು ಗಟ್ಟಿ ಅವ್ನೆ! ಮಾತ್ರೆ ಬಿಡಬಾರದು. ಕೆಮ್ಮು ಹೋಯ್ತು ಅಂತ ನಡುವೆ ಬಿಟ್ಟು ಇವನು ಏನು ಮಾಡಿದ ಗೊತ್ತೇನ್ರಿ? ಟಗರಿಗೆ ತಿನ್ನಿಸಿದ!”

ಟಗರಿನ ಉಚ್ಚೆಯ ಕಥೆಗೆ ಬಸ್ಸಿಗೆ ಬಸ್ಸೇ ನಕ್ಕಿತು. ಪಂಚೆಯವನೂ ನಕ್ಕ. ಮಗನೂ ತಲೆ ಎತ್ತಿದ. ನನ್ನ ಇಡೀ ಪಾಠವನ್ನು ಆಕೆ ಒಂದು ಮಾತೂ ಬಿಡದೆ ಒಪ್ಪಿಸಿದಳು, ನನಗಿಂತ ಚೆನ್ನಾಗಿ, ನನಗಿಂತ ಜೋರಾಗಿ. “ಬುಧವಾರ ದೇವಸಮುದ್ರದ ಹತ್ರ ನಮ್ಮ ಹಟ್ಟಿಯಾಗೆ ಎಲ್ಲ ಕೂಡ್ತೀವಿ. ಬರ್ರಿ. ಕಂಬಳಿ ಹಾಸ್ತೀವಿ” ಅಂತ ಹೇಳಿ ಕೂತಳು. ಇವತ್ತು ಬುಧವಾರವೇ, ಹಟ್ಟಿಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ ಅಂತ ನಾನು ನನ್ನ ದೊಡ್ಡ ಗಂಟಲಲ್ಲೇ ಆಕೆಗೆ ನೆನಪು ಮಾಡಿದೆ.

ಬಸ್ಸು ಕೊಂಡ್ಲಹಳ್ಳಿಯಲ್ಲಿ ನಿಂತಿತು. ಕಂಡಕ್ಟರ್ ಬಾಗಿಲು ಬಡಿದು, “ಕೊಂಡ್ಲಹಳ್ಳಿ, ಯಾರ್ರಿ ಇಳಿಯೋರು?” ಅಂದ. ಯಾರೂ ಏಳಲಿಲ್ಲ. ಹಿಂದಿನ ಸೀಟಿನಲ್ಲಿ ದಾರಿಯುದ್ದಕ್ಕೂ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಸದ್ದಾಗದಂತೆ ಕೆಮ್ಮುತ್ತಿದ್ದ ಒಬ್ಬ ಹೆಂಗಸಿದ್ದಳು. ಕಂಡಕ್ಟರ್ ಅವಳತ್ತ ನೋಡಿ, “ಏನಮ್ಮಾ, ಇಲ್ಲಿಗಲ್ವಾ ನೀನು ಟಿಕೆಟ್ ತಗೊಂಡಿದ್ದು? ನಿಮ್ಮೂರು ಬಂತು, ಇಳಿ” ಅಂದ.

ಅವಳು ಸೆರಗು ತೆಗೆದಳು. ನಮ್ಮ ಮುದುಕಿಯ ಕಡೆ ಒಮ್ಮೆ ನೋಡಿದಳು.

“ಇಳಿಯಲ್ರಿ. ದೇವಸಮುದ್ರಕ್ಕೆ ಟಿಕೆಟ್ ಕೊಡ್ರಿ.”